ಹನ್ನೆರಡನೆಯ ಕೊರಳಪಟ್ಟಿ

ಕಾಗದದ ವ್ಯಾಪಾರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾರು ಏನು ತಂದು ತೋರಿಸಿದರೂ ಅವನ ಕಣ್ಣು ಮೊದಲು ಬೀಳುವುದು ಹಾಳೆಯ ಮೇಲೆ. ಹಾಳೆಯಲ್ಲಿ ಏನಿದೆ ಎಂಬುದು ಆಮೇಲಿನ ಮಾತು. ಕೊಮಿಯಾಮಾ ಇತೊ ಮರದಚ್ಚು ಕೆತ್ತಿ ಒತ್ತಿದ ಚಿತ್ರಗಳನ್ನು ನಾನು ಮೂವತ್ತೈದು ವರ್ಷ ಹೀಗೆಯೇ ನೋಡಿದವನು. ಕಳೆದ ಚಳಿಗಾಲದಲ್ಲಿ ಆಕೆ ತೀರಿಕೊಂಡಾಗ ಪತ್ರಿಕೆಗಳು ಹದಿನಾಲ್ಕು ಮಕ್ಕಳ ಪುಸ್ತಕ, ಎರಡು ಬಹುಮಾನ, ಮೂರು ದೇಶಗಳಲ್ಲಿ ಪ್ರದರ್ಶನ ಎಂದೆಲ್ಲ ಬರೆದವು. ಸುಳ್ಳೇನಲ್ಲ. ಆದರೆ ಒಂದರಲ್ಲೂ ಆಕೆಯ ಅತ್ತೆ ಕುಮಾ ಅಜ್ಜಿಯ ಹೆಸರಿರಲಿಲ್ಲ. ಕುಮಾ ಅಜ್ಜಿಯನ್ನು ಬಿಟ್ಟು ಇತೊಳ ಕಥೆ ಹೇಳುವುದೆಂದರೆ ಹುಳುವನ್ನು ಬಿಟ್ಟು ರೇಷ್ಮೆಯ ಗುಣ ಹೊಗಳಿದ ಹಾಗೆ.

ನಮ್ಮ ಉಯೆದಾ ಪೇಟೆಯಲ್ಲಿ ವ್ಯಾಪಾರಿಗಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅಂಗಡಿಯ ಹೆಸರೇ ಮನುಷ್ಯನ ಹೆಸರು. ನಮ್ಮದು ಮಸುಯಾ ಅಂಗಡಿ. ಹಾಗಾಗಿ ನನ್ನಪ್ಪ ಮಸುಯಾ, ನಾನು ಮಸುಯಾ, ನಮ್ಮ ನಾಯಿಯೂ ಮಸುಯಾ. ಅಪ್ಪನ ಕಾಲದಲ್ಲಿ ನಾವು ಮಾರುತ್ತಿದ್ದದ್ದು ಮುಖ್ಯವಾಗಿ ಮೊಟ್ಟೆ ಹಾಳೆ. ರೇಷ್ಮೆ ಚಿಟ್ಟೆಗಳು ಮೊಟ್ಟೆಯಿಡುವ ದಪ್ಪನೆಯ ಹಾಳೆ ಅದು. ಮೊಟ್ಟೆ ಮಾರುವ ಪ್ರತಿ ಮನೆತನಕ್ಕೂ ತನ್ನದೇ ಮುದ್ರೆ ಇರುತ್ತಿತ್ತು. ಒಬ್ಬರದು ಕೊಕ್ಕರೆ, ಇನ್ನೊಬ್ಬರದು ಆಮೆ, ಮತ್ತೊಬ್ಬರದು ಅಜ್ಜನ ಹೆಸರು. ಅದನ್ನು ಹಾಳೆಯ ಮೂಲೆಯಲ್ಲಿ ಒತ್ತದೆ ಯಾರೂ ಮೊಟ್ಟೆ ಕೊಳ್ಳುತ್ತಿರಲಿಲ್ಲ. ಆ ಮುದ್ರೆಗಳನ್ನು ಕೆತ್ತುತ್ತಿದ್ದವನು ಇತೊಳ ಅಪ್ಪ ಗೆಂಪಾಚಿ.

ಉಳಿದ ಕೆತ್ತನೆಗಾರರು ತೆಳು ಕಾಗದದ ಮೇಲೆ ಬರೆದು, ಅದನ್ನು ಮರದ ಮೇಲೆ ಬೋರಲು ಅಂಟಿಸಿ, ಗೆರೆ ಹಿಡಿದು ಕೆತ್ತುತ್ತಿದ್ದರು. ಆಗ ಅಚ್ಚಿನಲ್ಲಿ ಎಲ್ಲವೂ ತಾನಾಗಿಯೇ ತಿರುಗಿ ಕೂರುತ್ತದೆ, ಒತ್ತಿದಾಗ ನೆಟ್ಟಗಾಗುತ್ತದೆ. ಗೆಂಪಾಚಿಗೆ ಅದು ಅವಮಾನ. "ಕಾಗದ ಅಂಟಿಸಿ ಕೆತ್ತೋದು ಅಂದ್ರೆ ಊರುಗೋಲು ಹಿಡ್ಕೊಂಡು ಹೆಂಡತಿ ಮನೆಗೆ ಹೋದ ಹಾಗೆ" ಎನ್ನುತ್ತಿದ್ದ. ಕುಂಚ ಹಿಡಿದು ಮರದ ಮೇಲೆ ನೇರವಾಗಿ ತಿರುಗಾಮುರುಗಾ ಅಕ್ಷರ ಬರೆಯುತ್ತಿದ್ದ. ಗಂಡುಮಕ್ಕಳಿಲ್ಲದ್ದರಿಂದ ಆ ಜಂಬವನ್ನೂ ಉಳಿಗಳನ್ನೂ ಮಗಳಿಗೇ ಕೊಟ್ಟ. ಶಾಲೆಯಲ್ಲಿ ಮೇಷ್ಟರ ಮೇಲೆ ಸಿಟ್ಟು ಬಂದರೆ ಇತೊ ಇಡೀ ಪಾಠವನ್ನು ತಿರುಗಿಸಿ ಬರೆದು ಕೊಡುತ್ತಿದ್ದಳಂತೆ. ಮೇಷ್ಟರು ಕನ್ನಡಿ ಹಿಡಿದು ತಿದ್ದಬೇಕಿತ್ತು.

ಇಪ್ಪತ್ತೊಂದಕ್ಕೆ ಆಕೆಯನ್ನು ಶಿಯೋದಾ ಹಳ್ಳಿಯ ಕೊಮಿಯಾಮಾ ಮನೆಗೆ ಕೊಟ್ಟರು. ಹುಳು ಸಾಕುವ ಮನೆ. ಗಂಡ ಯಾಸುಕೆ ಮದುವೆಯಾದ ವರ್ಷವೇ ಯುದ್ಧಕ್ಕೆ ಹೋದ. ತಿರುಗಿ ಬಂದದ್ದು ಒಂದು ಬಿಳಿ ಪೆಟ್ಟಿಗೆ. ಅದರೊಳಗೆ ಅವನ ಹೆಸರು ಬರೆದ ಚೀಟಿ. ಅದೂ ಕಳಪೆ ಕಾಗದ, ನಾನು ನೋಡಿದ್ದೇನೆ. ಮನೆಯಲ್ಲಿ ಉಳಿದವರು ಅತ್ತೆ ಕುಮಾ, ಸೊಸೆ ಇತೊ. ಸೊಸೆ ತವರಿಗೆ ಹೋಗಬಹುದಿತ್ತು, ಅತ್ತೆ ಮಗಳ ಮನೆಗೆ ಹೋಗಬಹುದಿತ್ತು. ಮೊದಲು ಹೋದವರು ಸೋತಂತೆ ಎಂದು ಪಂಥ ಕಟ್ಟಿದವರ ಹಾಗೆ ಇಬ್ಬರೂ ಅಲ್ಲೇ ಉಳಿದರು.

ಯುದ್ಧ ಮುಗಿದ ಮೇಲೆ ನೈಲಾನ್ ಬಂತು. ಒಬ್ಬೊಬ್ಬರಾಗಿ ಹುಳು ಸಾಕುವುದನ್ನು ಬಿಟ್ಟು ಹಿಪ್ಪುನೇರಳೆ ಕಿತ್ತು ಸೇಬು ನೆಟ್ಟರು. ನನ್ನ ಉಗ್ರಾಣದಲ್ಲಿ ಮೊಟ್ಟೆ ಹಾಳೆ ಮಾಡಿನವರೆಗೆ ಉಳಿಯಿತು. ಗೆಂಪಾಚಿ ಸತ್ತ. ಅವನು ಕೆತ್ತಿದ ನೂರಾರು ಮುದ್ರೆಗಳು ಕಟ್ಟಿಗೆಯಿಲ್ಲದ ಕೆಟ್ಟ ವರ್ಷಗಳಲ್ಲಿ ಸ್ನಾನದ ಒಲೆಗೆ ಹೋಗಿದ್ದವು. ಒಂದು ಚಿಕ್ಕ ಪೆಟ್ಟಿಗೆಯಷ್ಟು ಮಾತ್ರ ಇತೊಳ ಪಾಲಿಗೆ ಬಂತು. ಆಕೆ ಕುಮಾ ಅಜ್ಜಿಯೊಂದಿಗೆ ಹುಳು ಸಾಕುತ್ತ, ಬಿಡುವಿನಲ್ಲಿ ಉಪ್ಪಿನಕಾಯಿ ಅಂಗಡಿಗೆ, ಸಾಕೆ ಮದ್ಯದ ಭಟ್ಟಿಗೆ, ಹೊಟ್ಟೆನೋವಿನ ಗುಳಿಗೆಯವನಿಗೆ ಸರಕಿಗೆ ಅಂಟಿಸುವ ಚೀಟಿ ಕೆತ್ತಿ ಕೊಡುತ್ತಿದ್ದಳು. ಹೊಸ ವರ್ಷಕ್ಕೆ ಊರವರು ಹಂಚುವ ಶುಭಾಶಯದ ಕಾರ್ಡುಗಳೂ ಆಕೆಯವೇ.

ನಮ್ಮ ಪಂಚಾಂಗದಲ್ಲಿ ಮೊಲದ ವರ್ಷ ಬಂದಾಗ ನಮ್ಮ ಅಂಗಡಿಗೆ ಆಕೆ ಒಂದು ಕಾರ್ಡು ಮಾಡಿದಳು. ಅಕ್ಕಿ ಅಳೆಯುವ ಪೆಟ್ಟಿಗೆಯೊಳಗೆ ಕುಳಿತು, ನನ್ನನ್ನು ಯಾರು ಅಳೆಯುತ್ತೀರಿ ನೋಡೋಣ ಎಂಬಂತೆ ನೋಡುವ ಮೊಲ. ಅದನ್ನು ಗಲ್ಲಾ ಹಿಂದೆ ಸಿಕ್ಕಿಸಿದ್ದೆ. ಬಿಸಿನೀರಿನ ಬುಗ್ಗೆಗೆ ಹೊರಟಿದ್ದ ಟೋಕಿಯೊದವನೊಬ್ಬ ಲಕೋಟೆ ಕೊಳ್ಳಲು ಒಳಗೆ ಬಂದ. ಕಾಜಿತಾನಿ ಅಂತ, ಮಕ್ಕಳ ಪುಸ್ತಕದ ಪ್ರಕಾಶಕರಲ್ಲಿ ಸಂಪಾದಕ.

"ಈ ಮೊಲ ಯಾರ್ದು?" ಎಂದ.

"ನನ್ನದು. ಮಾರೋದಲ್ಲ" ಎಂದೆ. ಗಿರಾಕಿಯ ಕಣ್ಣು ಹಾಗೆ ಹೊಳೆದರೆ ಮೊದಲು ಹೇಳಬೇಕಾದ ಮಾತು ಅದೇ.

"ಕೊಂಡ್ಕೊಳ್ಳಲ್ಲಪ್ಪ. ಇದನ್ನ ಕೆತ್ತಿದ ಕೈ ಎಲ್ಲಿದೆ ಹೇಳಿ."

ಅದಕ್ಕೆ ಬೆಲೆ ಹೇಳಲು ಬರಲಿಲ್ಲ. ಶಿಯೋದಾಕ್ಕೆ ನಾನೇ ಕರೆದುಕೊಂಡು ಹೋದೆ.

ಮಕ್ಕಳಿಗೆ ಒಂದು ಚಿತ್ರದ ಪುಸ್ತಕ ಮಾಡಿಕೊಡಿ ಎಂದು ಅವನು ಕೇಳಿದಾಗ ಇತೊ ಕೈಗೆ ಹತ್ತಿದ ಸೊಪ್ಪಿನ ರಸ ಒರೆಸುತ್ತ ನಿಂತುಬಿಟ್ಟಳು. "ಏನು ಬರೀಲಿ? ನನಗೆ ಬರೋದು ಉಪ್ಪಿನಕಾಯಿ ಚೀಟಿ."

ಒಳಗಿನಿಂದ ಕುಮಾ ಅಜ್ಜಿ ಕೂಗಿದಳು: "ಮೊಲ ಬೇಡ! ತೋಟದಲ್ಲಿ ಅದರ ಕಾಟವೇ ಸಾಕು. ಹುಳ ಬರಿ. ಪಟ್ಟಣದ ಮಕ್ಕಳು ರೇಷ್ಮೆ ಅಂಗಡೀಲಿ ಬೆಳೆಯುತ್ತೆ ಅಂದ್ಕೊಂಡಿರ್ತಾವೆ."

ಹೀಗೆ ಪುಸ್ತಕ ನಿಶ್ಚಯವಾಯಿತು. ಒಬ್ಬ ಅಜ್ಜಿ, ಅವಳು ಸಾಕುವ ಹುಳುಗಳು. ಹುಳುಗಳು ಮೇವು ಬಿಟ್ಟು, ಪೊರೆ ಕಳಚಲು ಒಂದನೇ ಜ್ವರಕ್ಕೆ ಕೂರುವುದು, ಅಜ್ಜಿ ಮನೆಯವರನ್ನೆಲ್ಲ ಸದ್ದು ಮಾಡಬೇಡಿ ಎಂದು ಗದರುವುದು, ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಬಂದಂತೆ ಮನೆ ತುಂಬುವುದು, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವುದು, ಕೊನೆಗೆ ಗೂಡುಗಳ ಪಕ್ಕದಲ್ಲಿ ಅಜ್ಜಿ ಕೂತಲ್ಲೇ ತೂಕಡಿಸುವುದು. ಹದಿನಾಲ್ಕು ಚಿತ್ರ. ಎರಡರಲ್ಲಿ ಅಜ್ಜಿಯ ಬೆನ್ನು, ಹನ್ನೆರಡರಲ್ಲಿ ಮುಖ. ಇತೊ ಅಚ್ಚು ಕೆತ್ತಿ ಒಂದೊಂದು ಒಳ್ಳೆಯ ಪ್ರತಿ ಒತ್ತಿ ಕೊಡಬೇಕು. ಅದರ ಫೋಟೋ ತೆಗೆದು ಟೋಕಿಯೊದಲ್ಲಿ ಸಾವಿರಗಟ್ಟಲೆ ಮುದ್ರಿಸುತ್ತಾರೆ. ಮುಂದಿನ ಫೆಬ್ರವರಿ ಇಪ್ಪತ್ತಕ್ಕೆ ಕಾಜಿತಾನಿ ಬಂದು ಒಯ್ಯುತ್ತಾನೆ. ಅವತ್ತು ಸಿಗದಿದ್ದರೆ ಆ ಜಾಗ ಇನ್ನೊಬ್ಬರಿಗೆ. ನಲವತ್ತೆರಡು ವಯಸ್ಸಿನ ಚೀಟಿ ಕೆತ್ತುವ ಹೆಂಗಸನ್ನು ಎರಡನೆಯ ಸಲ ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾಗದ ನನ್ನದೇ. "ಅಕ್ಕಾ, ಹುಳದ ಪುಸ್ತಕಕ್ಕೆ ಹುಳದ ಹಾಳೆಗಿಂತ ಒಳ್ಳೇದು ಯಾವುದಿದೆ?" ಎಂದು ಮಾಡಿಗೆ ತಾಗಿದ್ದ ಕಟ್ಟುಗಳನ್ನು ಇಳಿಸಿದೆ. ಹದಿನೈದು ವರ್ಷ ಯಾರೂ ಮುಟ್ಟದ ಮಾಲು. ಆಶ್ಚರ್ಯವೆಂದರೆ ನಾನು ಹೇಳಿದ್ದು ನಿಜವಾಗಿಬಿಟ್ಟಿತು. ಹದವಾಗಿ ನೀರು ಚಿಮುಕಿಸಿದರೆ ಆ ಹಾಳೆ ಬಣ್ಣವನ್ನು ಬಾಯಾರಿದವರಂತೆ ಕುಡಿಯುತ್ತಿತ್ತು. ಕಟ್ಟಿನೊಳಗೆ ಒಂದು ಬಳಸಿದ ಹಾಳೆಯೂ ಸೇರಿಕೊಂಡಿತ್ತು. ಚಿಟ್ಟೆಗಳು ವೃತ್ತವೃತ್ತವಾಗಿ ಮೊಟ್ಟೆಯಿಟ್ಟ ಮಸುಕು ಗುರುತು ಅದರಲ್ಲಿ ಹಾಗೇ ಇತ್ತು. ಇತೊ ಗಮನಿಸದೆ ಅದರ ಮೇಲೆ, ಅಜ್ಜಿಯ ಬೆನ್ನಷ್ಟೇ ಕಾಣುವ ಚಿತ್ರದ ಮುಸ್ಸಂಜೆಯ ಆಕಾಶ ಒತ್ತಿದಳು. ಮುಂದೆ ಕಾಜಿತಾನಿ ಅದನ್ನು ಕಂಡು, "ಆಕಾಶದ ತುಂಬ ಹುಟ್ಟದೇ ಇರೋ ಚಂದ್ರರು! ಎಂಥಾ ಕಲ್ಪನೆ!" ಎಂದ. ಇತೊ ನನ್ನ ಕಡೆ ನೋಡಿದಳು. ನಾನು ಚಹಾದ ಬಟ್ಟಲಿನೊಳಗೆ ನೋಡಿದೆ.

ಜನವರಿ ಕೊನೆಗೆ ಹದಿನಾಲ್ಕೂ ಚಿತ್ರಗಳು ಸಿದ್ಧವಾದವು. ಹುಳುಮನೆಯಲ್ಲಿ ದಾರ ಕಟ್ಟಿ ಒಣಹಾಕಿದ್ದಳು. ಹಳ್ಳಿಯ ಶಿಶುವಿಹಾರದ ಟೀಚರಮ್ಮ ಬಂದು ಪಕ್ಕದಲ್ಲಿ ಬರೆದಿದ್ದ ಮಾತುಗಳನ್ನು ಓದಿ ಮೆಚ್ಚಿದಳು. ನಾನು ಬೆನ್ನಿನ ಕಡೆಯಿಂದ ಹಾಳೆ ಸವರಿ, ಎಲ್ಲೂ ನಾರು ಏಳದ್ದನ್ನು ಕಂಡು ಮೆಚ್ಚಿದೆ. ಆಮೇಲೆ ನೊಜಾವಾ ಸೊಪ್ಪಿನ ಉಪ್ಪಿನಕಾಯಿ ಮೆಲ್ಲುತ್ತ ಚಹಾ ಕುಡಿಯಲು ಕೂತೆವು. ಆಗ ಕುಮಾ ಅಜ್ಜಿ ಬಂದಳು. ಎಂಬತ್ತು ದಾಟಿದ ಜೀವ. ಒಂದು ಕಾಲು ಮುರಿದ ಕನ್ನಡಕವನ್ನು ರೇಷ್ಮೆ ದಾರದಿಂದ ಕಿವಿಗೆ ಕಟ್ಟಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಪೊಲೀಸರು ಸಾಲು ನೋಡುವಂತೆ ನೋಡಿಕೊಂಡು ಹೋದಳು. ಮತ್ತೆ ಹಿಂದಕ್ಕೆ ಬಂದಳು.

"ಇತೊ."

"ಏನತ್ತೆ?"

"ನನ್ನ ಹೆಣಕ್ಕೆ ಸ್ನಾನ ಯಾವತ್ತು ಮಾಡಿಸಿದೆ?"

ನಾನು ನಕ್ಕೆ. ಇತೊ ನಗಲಿಲ್ಲ. ಅತ್ತೆಯ ಬೆರಳು ಹೋದಲ್ಲಿ ಆಕೆಯ ಕಣ್ಣು ಹೋಗಿತ್ತು: ಚಿತ್ರದ ಅಜ್ಜಿಯ ಗಲ್ಲದ ಕೆಳಗೆ, ಕಿಮೊನೊದ ಕೊರಳಪಟ್ಟಿಗೆ.

ಬದುಕಿರುವವರು ಕಿಮೊನೊದ ಬಲಭಾಗವನ್ನು ಮೊದಲು ಮೈಗೆ ಸುತ್ತಿ, ಅದರ ಮೇಲೆ ಎಡಭಾಗವನ್ನು ತರುತ್ತಾರೆ. ಎಡದ ಮೇಲೆ ಬಲ ತರುವುದು ಒಬ್ಬರಿಗೆ ಮಾತ್ರ, ಸತ್ತು ಪೆಟ್ಟಿಗೆಗೆ ಹೋಗುವವರಿಗೆ. ಹನ್ನೆರಡು ಚಿತ್ರಗಳಲ್ಲೂ ಅಜ್ಜಿ ಪೆಟ್ಟಿಗೆಗೆ ಹೊರಟವಳಂತೆ ಉಟ್ಟಿದ್ದಳು. ಉಟ್ಟು, ಗಟ್ಟಿಮುಟ್ಟಾಗಿ ಸೊಪ್ಪು ಕೀಳುತ್ತಿದ್ದಳು.

ಆದದ್ದಿಷ್ಟೇ. ಇತೊ ಅಪ್ಪನ ಜಂಬ ಬಿಡದೆ ಮರದ ಮೇಲೆ ನೇರ ಬರೆದಿದ್ದಳು. ಅಕ್ಷರವಾಗಿದ್ದರೆ ಆಕೆಯ ಕೈ ಹೇಳದೆಯೇ ತಿರುಗಿಸುತ್ತಿತ್ತು. ಆದರೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡಾಗ ಕೈ ಕಂಡದ್ದನ್ನು ಕಂಡಂತೆಯೇ ಬರೆಯಿತು. ಒತ್ತಿದಾಗ ಎಲ್ಲ ಉಲ್ಟಾ. ಇಷ್ಟು ದಿನ ಟೀಚರಮ್ಮ ಮಾತು ನೋಡಿದ್ದಳು, ನಾನು ಹಾಳೆ ನೋಡಿದ್ದೆ. ಕೊರಳು ಯಾರದೋ ಅವಳೇ ಕೊರಳು ನೋಡಿದ್ದು.

"ಎಡಗೈಲಿ ಸೊಪ್ಪು ಕೀಳ್ತಿದೀನಿ" ಅಜ್ಜಿ ಮುಂದುವರಿಸಿದಳು. "ಅದು ಬಿಡು. ಚಿಕ್ಕೋಳಿದ್ದಾಗ ನಾನು ಎಡಚೀನೇ, ಅಮ್ಮ ಹೊಡೆದು ಬಿಡಿಸಿದ್ಳು. ಆದ್ರೆ ಇದು? ಶಾಲೆ ಕಲಿತೋಳು ನೀನು, ಅತ್ತೆ ಯಾವಾಗ ಸಾಯ್ತಾಳೆ ಅಂತ ಇಷ್ಟು ಆತುರಾನ?"

"ಅಜ್ಜೀ, ಎರಡು ಗೆರೆ ಅಷ್ಟೇ" ಎಂದೆ ನಾನು. "ಮಕ್ಕಳಿಗೆ ಏನು ಗೊತ್ತಾಗುತ್ತೆ?"

"ಮಕ್ಕಳಿಗೆ ಗೊತ್ತಾಗಲ್ಲ ಕಣೋ ಮಸುಯಾ. ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಓದ್ತಾಳಲ್ಲ, ಆ ಅಜ್ಜಿಗೆ ಗೊತ್ತಾಗುತ್ತೆ. ಹೆಣ ಸೊಪ್ಪು ಕೀಳೋ ಪುಸ್ತಕಾನ ಅವಳು ಎರಡನೇ ಸಲ ತೆಗೀತಾಳಾ? ನಿನ್ನ ಕಾಗದ ಮಾರಾಟ ಆಯ್ತು, ನೀನು ಸುಮ್ನೆ ಉಪ್ಪಿನಕಾಯಿ ತಿನ್ನು."

ತಿಂದೆ. ಇತೊ ದಾರದಿಂದ ಚಿತ್ರಗಳನ್ನು ಒಂದೊಂದಾಗಿ ಇಳಿಸಿದಳು. ಕೊನೆಗೆ, "ಇಪ್ಪತ್ತೆರಡು ದಿನ ಇದೆ. ಹನ್ನೆರಡು ಕೊರಳು" ಎಂದಳು.

ಹನ್ನೆರಡು ಅಚ್ಚನ್ನು ಹೊಸದಾಗಿ ಕೆತ್ತಲು ಇಪ್ಪತ್ತೆರಡು ದಿನ ಸಾಲದು. ಮುದ್ರೆ ಕೆತ್ತುವವರಲ್ಲಿ ಇನ್ನೊಂದು ಉಪಾಯವಿದೆ. ತಪ್ಪಾದ ಜಾಗವನ್ನಷ್ಟೇ ಚೌಕವಾಗಿ ಕೊರೆದು ತೆಗೆದು, ಅಲ್ಲಿ ಬೇರೆ ತುಂಡು ಮರವನ್ನು ಬಿಗಿಯಾಗಿ ಕೂರಿಸಿ, ಮಟ್ಟ ಮಾಡಿ ಮತ್ತೆ ಕೆತ್ತುವುದು. ಬಟ್ಟೆಗೆ ತೇಪೆ ಹಾಕಿದ ಹಾಗೆ. ಆದರೆ ತೇಪೆಯ ಮರ ಅಚ್ಚಿನ ಮರಕ್ಕಿಂತ ಹೆಚ್ಚು ಒಣಗಿರಬೇಕು. ಇಲ್ಲದಿದ್ದರೆ ನಾಲ್ಕು ಸಲ ನೀರುಬಣ್ಣ ತಾಗಿದರೆ ಹಲ್ಲು ಅಲುಗಾಡಿದಂತೆ ಅಲುಗಾಡುತ್ತದೆ.

"ನನ್ನ ಹತ್ರ ಒಳ್ಳೆ ಚೆರಿ ಮರ ಇದೆ, ಅಕ್ಕಾ. ಐದು ವರ್ಷ ಒಣಗಿದ್ದು" ಎಂದೆ.

"ನಿಮ್ಮ ಐದು ವರ್ಷ ನನಗೆ ಗೊತ್ತು, ಸಾಹುಕಾರ್ರೇ. ಹೋದ ಸಲ ತಂದಿದ್ರಲ್ಲಿ ಚಿಗುರು ಬರೋದೊಂದು ಬಾಕಿ ಇತ್ತು."

ಹಾಗೆಂದು ಒಳಗೆ ಹೋಗಿ ಅಪ್ಪನ ಪೆಟ್ಟಿಗೆ ತಂದಳು. ಬೆಂಕಿಪೊಟ್ಟಣದಷ್ಟು ದೊಡ್ಡ ಮುದ್ರೆಗಳು ಹದಿನೈದಿದ್ದವು. ನಲವತ್ತು ಐವತ್ತು ವರ್ಷ ಒಣಗಿ ಕಲ್ಲಿನಂತಾಗಿದ್ದವು. ಮೂರು ಸೀಳಿದ್ದವು. ಉಳಿದದ್ದು ಹನ್ನೆರಡು. ಹನ್ನೊಂದರಲ್ಲಿ ಊರವರ ಗುರುತು. ಹನ್ನೆರಡನೆಯದರಲ್ಲಿ ಒಂದು ಹಿಪ್ಪುನೇರಳೆ ಎಲೆ, ಅದರ ಒಂದು ಅಂಚನ್ನು ಹುಳು ಕಚ್ಚಿದೆ. ಗೆಂಪಾಚಿ ತನ್ನ ಸ್ವಂತಕ್ಕೆಂದು ಕೆತ್ತಿಕೊಂಡ ಮುದ್ರೆ ಅದೊಂದೇ. ಆ ಮನುಷ್ಯನ ಫೋಟೋ ಇರಲಿಲ್ಲ. ಅವನದೆಂದು ಈ ಲೋಕದಲ್ಲಿ ಉಳಿದದ್ದು ಆ ಕಚ್ಚಿದ ಎಲೆ.

ಮರುದಿನದಿಂದ ಕೆಲಸ ಶುರುವಾಯಿತು. ನಾನು ದಿನವೂ ಏನಾದರೂ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಮುದ್ರೆಯ ಕೆತ್ತಿದ ಮುಖವನ್ನು ಇತೊ ತೋಪಡ ಹಿಡಿದು ಒಂದೇ ಸಲ ಕೀಸುತ್ತಿದ್ದಳು. ನಿಧಾನ ಮಾಡಿದರೆ ಕೈ ನಿಂತುಬಿಡುತ್ತದೆ ಎಂಬ ಭಯ ಇದ್ದಿರಬೇಕು. ಕೊಕ್ಕರೆ ಸುರುಳಿ ಸುತ್ತಿಕೊಂಡು ಚಾಪೆಯ ಮೇಲೆ ಬಿತ್ತು. ಮರುದಿನ ಆಮೆ. ಅದರ ಮರುದಿನ, ಈಗ ಊರಲ್ಲೇ ಇಲ್ಲದ ಯಾವುದೋ ಮನೆತನದ ಹೆಸರು. ಆ ಮುದ್ರೆಗಳನ್ನೆಲ್ಲ ನನ್ನಪ್ಪನ ಹಾಳೆಗಳ ಮೂಲೆಯಲ್ಲಿ ನೋಡುತ್ತ ಬೆಳೆದವನು ನಾನು. ನಾಲ್ಕನೆಯ ದಿನದಿಂದ ಕೀಸುವ ಹೊತ್ತು ಮುಗಿದ ಮೇಲೆ ಹೋಗಲು ಕಲಿತೆ.

ಕುಮಾ ಅಜ್ಜಿ ಮತ್ತೆ ಎದುರಿಗೆ ಕೂತು ಕೊರಳು ಕೊಟ್ಟಳು. ಈ ಸಲ ಇತೊ ಅತ್ತೆಗೆ ಬೆನ್ನು ಹಾಕಿ ಕೂತು, ಕೈಗನ್ನಡಿಯಲ್ಲಿ ಅವಳನ್ನು ನೋಡುತ್ತ ಮರದ ಮೇಲೆ ಬರೆಯುತ್ತಿದ್ದಳು.

"ನೋಡ್ಕೋ, ಎಡ ಮೇಲೆ. ಮರೆತ್ರೆ ಮತ್ತೆ ಹೆಣ" ಎನ್ನುವಳು ಅಜ್ಜಿ.

"ಅಲುಗಾಡಬೇಡಿ ಅತ್ತೆ."

"ಬದುಕಿದೀನಿ ಅಂತ ತೋರಿಸಬೇಡ್ವ?"

ಹತ್ತೊಂಬತ್ತನೆಯ ತಾರೀಖು ಮಧ್ಯಾಹ್ನ ನಾನು ಹೋದಾಗ ಹನ್ನೊಂದು ಚಿತ್ರಗಳು ದಾರದ ಮೇಲಿದ್ದವು, ಹನ್ನೊಂದು ಅಜ್ಜಿಯರು ಬದುಕಿದ್ದರು. ತೇಪೆಯ ಅಂಚು ಹುಡುಕಿದರೂ ಸಿಗುತ್ತಿರಲಿಲ್ಲ. ಉಳಿದದ್ದು ಕೊನೆಯ ಚಿತ್ರ, ಅಜ್ಜಿ ತೂಕಡಿಸುವುದು. ಇತೊ ತೋಪಡವನ್ನು ಮಂಡಿಯ ಮೇಲಿಟ್ಟುಕೊಂಡು, ಕಚ್ಚಿದ ಎಲೆಯ ಮುದ್ರೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ನಿನ್ನೆ ಬಂದಾಗಲೂ ಹೀಗೆಯೇ ಕೂತಿದ್ದಳು. ಮುಂದಿದ್ದ ಚಹಾ ಆರಿ ತಣ್ಣಗಾಗಿತ್ತು. ಕಾಜಿತಾನಿ ನಾಳೆ ಬೆಳಗಿನ ರೈಲಿಗೆ ಬರುವವನು.

ಕುಮಾ ಅಜ್ಜಿ ಕೆಂಡದ ಪೆಟ್ಟಿಗೆಯ ಹೊದಿಕೆಯೊಳಗೆ ಕಾಲು ಚಾಚಿ ಕುಳಿತು ಸೊಸೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಅದನ್ನ ಹಾಗೇ ಬಿಡು" ಎಂದಳು.

"ಯಾವುದನ್ನ?"

"ಕೊನೇ ಪಟಾನ. ತಿದ್ದಬೇಡ."

"ಅದು ತಪ್ಪು, ಅತ್ತೆ. ನೀವೇ ಹೇಳಿದ್ರಿ."

"ಹನ್ನೊಂದು ಪುಟ ಬದುಕಿದೀನಲ್ಲ, ಸಾಲ್ದಾ? ಕೊನೇದ್ರಲ್ಲಿ ಹುಳ ಗೂಡು ಕಟ್ಟಿ ಒಳಗೆ ಹೋಗಿ ಆಯ್ತು. ಸೊಪ್ಪು ತರೋದಿಲ್ಲ, ಜ್ವರ ಕಾಯೋದಿಲ್ಲ. ನಂಗೆ ತಾನೆ ಇನ್ನೇನು ಕೆಲಸ? ಉಟ್ಕೊಂಡು ತಯಾರಾಗಿ ಕೂತಿರ್ತೀನಿ."

ಇತೊ ತಲೆಯೆತ್ತಲಿಲ್ಲ. "ಊರವರು ಏನಂತಾರೆ?"

"ಊರವರು! ಅವರ ಕೊಕ್ಕರೆ ಆಮೆ ಎಲ್ಲಾ ನನ್ನ ಕೊರಳಲ್ಲಿದೆ, ಬಾಯಿ ಮುಚ್ಕೊಂಡಿರಲಿ." ಅಜ್ಜಿ ಉಪ್ಪಿನಕಾಯಿಯ ತಟ್ಟೆಯನ್ನು ನನ್ನ ಕಡೆ ತಳ್ಳಿ, ಸೊಸೆಯ ಕಡೆ ನೋಡದೆ ಹೇಳಿದಳು: "ಮತ್ತೆ ಆ ಎಲೇನ ನನ್ನ ಕುತ್ತಿಗೆಗೆ ಕಟ್ಟಬೇಡ. ನಿಮ್ಮಪ್ಪನಿಗೂ ನನಗೂ ಬದುಕಿದ್ದಾಗಲೇ ಆಗ್ತಿರಲಿಲ್ಲ. ನಿನ್ನ ಮದುವೇಲಿ ನಮ್ಮ ಮನೆ ಮೀನು ಉಪ್ಪು ಅಂದ ಮನುಷ್ಯ."

ಇತೊ ಎಲೆಯ ಮುದ್ರೆಯನ್ನು ಅಪ್ಪನ ಪೆಟ್ಟಿಗೆಗೆ ಹಾಕಿದಳು. ಆಮೇಲೆ ತೋಪಡವನ್ನು ಕೆಳಗಿಟ್ಟಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಹೇಳಿದ್ದನ್ನು ಎದುರಾಡದೆ ಕೇಳಿದ್ದು ಅದೇ ಮೊದಲು ಎಂದು ಅಜ್ಜಿ ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು.

ಕಾಜಿತಾನಿ ಹದಿನಾಲ್ಕು ಚಿತ್ರಗಳನ್ನೂ ಒಯ್ದ. ಚಂದ್ರರನ್ನು ಕಂಡು ಕುಣಿದವನಿಗೆ ಕೊರಳು ಕಾಣಲಿಲ್ಲ. ಕೊನೆಯ ಚಿತ್ರದ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಎಲೆ ಇತ್ತು. ಆಮೇಲೆ ಬಂದ ಹದಿಮೂರು ಪುಸ್ತಕಗಳಲ್ಲೂ ಅದೇ ಆಕೆಯ ಸಹಿಯಾಯಿತು. ಏಡಿ ಹಿಡಿಯುವವರ ಪುಸ್ತಕ, ಹಿಮ ಸರಿಸುವ ರೈಲಿನ ಪುಸ್ತಕ, ಸೇಬಿಗೆ ಚೀಲ ಕಟ್ಟುವ ಅಕ್ಕತಂಗಿಯರ ಪುಸ್ತಕ, ಎಲ್ಲದರಲ್ಲೂ. ಅಷ್ಟನ್ನೂ ಆಕೆ ಕೈಗನ್ನಡಿ ಹಿಡಿದೇ ಬರೆದಳು. ಊರುಗೋಲು ಹಿಡಿದೆ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಮೊದಲ ಪುಸ್ತಕಕ್ಕೆ ಮಕ್ಕಳಿಂದ ಚೀಲಗಟ್ಟಲೆ ಕಾಗದ ಬಂತು. ಹುಳು ಕಚ್ಚುತ್ತದೆಯೇ, ಅಜ್ಜಿ ಎಡಚಿಯೇ, ಚಂದ್ರ ಯಾಕಷ್ಟು ಎಂದು ಪ್ರಶ್ನೆಗಳು. ಅವುಗಳ ನಡುವೆ ಕಾಗೊಶಿಮಾದಿಂದ ಒಬ್ಬ ಮುದುಕಿಯ ಕಾರ್ಡು. "ಕೊನೆಯ ಪುಟಕ್ಕೆ ಬಂದಾಗ ನನ್ನ ಮೊಮ್ಮಗಳು ಅಜ್ಜಿ ಯಾಕೆ ಸುಮ್ಮನಾದೆ ಎನ್ನುತ್ತಾಳೆ. ಆ ಅಜ್ಜಿ ಹೋದರೇ?" ಎಂದಷ್ಟೇ ಇತ್ತು. ಇತೊ ಅದನ್ನು ಅತ್ತೆಗೆ ಓದಿ ಹೇಳಿ, ಏನು ಬರೆಯಲಿ ಎಂದಳು.

"ಇನ್ನೂ ಇಲ್ಲ ಅಂತ ಬರಿ" ಎಂದಳು ಅಜ್ಜಿ. ಇತೊ ಹಾಗೆಯೇ ಬರೆದಳು. ಆ ಕಾಗೊಶಿಮಾದ ಮುದುಕಿ ಮುಂದಿನ ಹೊಸ ವರ್ಷಕ್ಕೆ ಅಜ್ಜಿಯ ಹೆಸರಿಗೆ ಒಂದು ಬುಟ್ಟಿ ಕಿತ್ತಳೆ ಕಳಿಸಿದಳು. ಅದರಲ್ಲಿ ನನಗೆ ಸಿಕ್ಕಿದ್ದು ಎರಡು.

ಕುಮಾ ಅಜ್ಜಿ ಅದಾದ ಮೇಲೆ ಒಂಬತ್ತು ವರ್ಷ ಬದುಕಿದಳು. ಹೋದದ್ದು ಜೂನ್ ತಿಂಗಳಲ್ಲಿ, ಶಿಯೋದಾದಲ್ಲೇ ಕೊನೆಯದಾಗಿ ಉಳಿದಿದ್ದ ಆ ಮನೆಯ ಹುಳುಗಳು ಚಂದ್ರಿಕೆಗೆ ಏರಿದ ವಾರ. ಸ್ನಾನ ಮಾಡಿಸಿ ಬಟ್ಟೆ ಉಡಿಸಲು ನನ್ನ ಹೆಂಡತಿಯೂ ಹೋಗಿದ್ದಳು. ಇತೊ ಎಡಭಾಗವನ್ನು ಮೈಗೆ ಸುತ್ತಿ, ಅದರ ಮೇಲೆ ಬಲಭಾಗ ತಂದು, ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ನೇವರಿಸಿ, "ಅತ್ತೆ, ಈ ಸಲ ಸರಿಯಾಗಿದೆ" ಎಂದಳಂತೆ. ಆಮೇಲೆ ಎದ್ದು ಹುಳುಮನೆಗೆ ಹೋಗಿ ಅಳುವುದನ್ನು ಅಲ್ಲಿ ಮುಗಿಸಿ ಬಂದಳಂತೆ.

ತೀರ ಇತ್ತೀಚೆಗೆ, ಆಕೆ ಹಾಸಿಗೆ ಹಿಡಿಯುವ ಮೊದಲು, ಪ್ರಕಾಶಕರಿಂದ ಒಬ್ಬಳು ಹೊಸ ಸಂಪಾದಕಿ ಬಂದಿದ್ದಳು. ಜಾಣೆ. ಮದುವೆಗೆಂದು ಕಿಮೊನೊ ಉಡುವುದನ್ನು ಆಗಷ್ಟೇ ಕಲಿತವಳಂತೆ. ಕೊನೆಯ ಪುಟದಲ್ಲಿ ಒಂದು ತಪ್ಪು ನುಸುಳಿದೆ, ಈಗ ಯಂತ್ರದಲ್ಲಿ ಐದು ನಿಮಿಷದಲ್ಲಿ ಸರಿ ಮಾಡಬಹುದು, ಮುಂದಿನ ಮುದ್ರಣಕ್ಕೆ ಮಾಡಲೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ನಾನು ಅಲ್ಲೇ ಇದ್ದೆ.

"ಬೇಡಮ್ಮ" ಎಂದಳು ಇತೊ. "ಅದು ನನ್ನ ತಪ್ಪಾಗಿತ್ತು. ಆಮೇಲೆ ಅತ್ತೆ ಅದನ್ನ ತಮ್ಮ ಬಟ್ಟೆ ಮಾಡ್ಕೊಂಡ್ರು. ಇನ್ನೊಬ್ಬರ ಬಟ್ಟೆಗೆ ನಾನು ಹೇಗೆ ಕೈ ಹಾಕ್ಲಿ?"

ಮೊಟ್ಟೆ ಹಾಳೆ ಈಗ ನನ್ನಲ್ಲಿ ಒಂದೂ ಉಳಿದಿಲ್ಲ. ಉಳಿದಿದ್ದರೆ ಮೂರು ಪಟ್ಟು ಬೆಲೆಗೆ ಹೋಗುತ್ತಿತ್ತು ಎಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಪುಸ್ತಕವನ್ನು ಮಾತ್ರ ಗಲ್ಲಾ ಪಕ್ಕದಲ್ಲಿ ಇಟ್ಟಿರುತ್ತೇನೆ, ಮೊಲದ ಕಾರ್ಡಿನ ಕೆಳಗೆ. ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಚಂದ್ರರ ಪುಟದಲ್ಲಿ ನಿಂತು, ಎಷ್ಟು ಎಂದು ಕೇಳುತ್ತಾರೆ, ಹೇಳುತ್ತೇನೆ. ಅಪರೂಪಕ್ಕೊಮ್ಮೆ ಯಾವಳೋ ಮುದುಕಿ ಕೊನೆಯ ಪುಟ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, ಇನ್ನೊಂದು ಕೈಯನ್ನು ತನಗೇ ತಿಳಿಯದೆ ತನ್ನ ಕೊರಳಪಟ್ಟಿಗೆ ಒಯ್ಯುತ್ತಾಳೆ. ಅವಳಿಗೆ ಬೆಲೆ ಹೇಳುವುದಿಲ್ಲ. ಒಳಗೆ ಕೂಗಿ ಎರಡು ಬಟ್ಟಲು ಚಹಾ ಹೇಳುತ್ತೇನೆ, ಉಪ್ಪಿನಕಾಯಿಯ ಜೊತೆಗೆ.